ಗುಟುಕು, ಗೊರಗೊರ, ಟಕ್: ಹಾಲು ಕುಡಿಯುವ ಕೂಸಿನ ಸದ್ದುಗಳು

ಹುಟ್ಟಿ ವಾರವಾಗದ ಕೂಸು ಹಾಲು ಕುಡಿಯುವಾಗ ಮಾಡುವ ಸದ್ದು ಒಂದೆರಡಲ್ಲ. ಮೂಗಿನಲ್ಲಿ ಗೊರಗುಟ್ಟುತ್ತದೆ, ಮುಲುಗುತ್ತದೆ, ನಡುನಡುವೆ ‘ಟಕ್’ ಎನ್ನಿಸುತ್ತದೆ, ಇದ್ದಕ್ಕಿದ್ದಂತೆ ಗಟಗಟ ಕುಡಿದು ಕೆಮ್ಮುತ್ತದೆ. ಬಾಣಂತಿಗೆ ಗಾಬರಿ. ‘ಎಲ್ಲ ಮಕ್ಕಳೂ ಹಾಗೇ ಕಣೆ’ ಎನ್ನುವ ಅಜ್ಜಿಯ ಮಾತು ಬಹುಪಾಲು ನಿಜ. ಪೂರ್ತಿ ನಿಜವಲ್ಲ. ಸದ್ದು ಎಷ್ಟು ಜೋರು ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎಂಬುದು ಮುಖ್ಯ: ಚೀಪುವಾಗಲೋ, ಉಸಿರೆಳೆಯುವಾಗಲೋ, ಬಿಡುವಾಗಲೋ?

ಕಿವಿಗೊಟ್ಟು ಕೇಳಬೇಕಾದ ಸದ್ದು ಗುಟುಕು. ಮೊಲೆಗೆ ಬಾಯಿ ಹಾಕಿದ ಕೂಸು ಮೊದಮೊದಲು ಸೆಕೆಂಡಿಗೆ ಸುಮಾರು 2 ಸಲ ಚುರುಕಾಗಿ ಚೀಪುತ್ತದೆ. ಆಗ ಬರುವ ಹಾಲು ಅಷ್ಟಕ್ಕಷ್ಟೆ. ಆ ಚೀಪುವಿಕೆಯಿಂದಲೇ ತಾಯಿಯ ಮಿದುಳು ಆಕ್ಸಿಟೋಸಿನ್ ಬಿಡುಗಡೆ ಮಾಡುತ್ತದೆ, ಎದೆಯೊಳಗಿನ ಹಾಲು ಮುಂದಕ್ಕೆ ನುಗ್ಗುತ್ತದೆ. ಕರು ಗುದ್ದಿದಾಗ ಹಸು ಸೊರ ಬಿಡುವುದೂ ಇದೇ ಹಾರ್ಮೋನಿನಿಂದ. ಹಾಲು ಇಳಿದ ಮೇಲೆ ಚೀಪುವ ವೇಗ ಸೆಕೆಂಡಿಗೆ ಒಂದಕ್ಕೆ ಇಳಿಯುತ್ತದೆ. ಗದ್ದ ಆಳಕ್ಕಿಳಿದು ಅರೆಕ್ಷಣ ನಿಲ್ಲುತ್ತದೆ, ಹಿಂದೆಯೇ ಗಂಟಲಿನಿಂದ ‘ಕಃ’ ಎಂಬ ಮೆಲುಸದ್ದು. ಅದೇ ಗುಟುಕು. ಮೊದಲೆರಡು ದಿನ ಇದು ಅಪರೂಪ, ಏಕೆಂದರೆ ಗಿಣ್ಣುಹಾಲು ಬರುವುದೇ ಚಮಚದ ಲೆಕ್ಕದಲ್ಲಿ. ಸದ್ದಿಲ್ಲವೆಂದು ಅವಸರಪಟ್ಟು ಬಾಟಲಿ ತರುವ ಮನೆಗಳುಂಟು, ಬೇಕಿಲ್ಲ. ಸಾಮಾನ್ಯವಾಗಿ 3–4ನೇ ದಿನಕ್ಕೆ ಹಾಲು ಹೆಚ್ಚಿದಂತೆ ಗುಟುಕೂ ಹೆಚ್ಚುತ್ತದೆ. ಆಗಲೂ ಕೇಳಿಸದಿದ್ದರೆ, 5ನೇ ದಿನದ ಹೊತ್ತಿಗೂ ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ಯದಿದ್ದರೆ, ತೂಕ ನೋಡಿಸಬೇಕು.

ಮೂಗಿನ ಗೊರಗೊರ ಬೇರೆ ಕಥೆ. ಎಳೆಗೂಸು ಬಹುಮಟ್ಟಿಗೆ ಮೂಗಿನಿಂದಲೇ ಉಸಿರಾಡುತ್ತದೆ, ಅದರ ಮೂಗಿನ ಹಾದಿಯೋ ತೀರ ಕಿರಿದು. ಚೂರು ಸಿಂಬಳ, ಒಂದು ಹನಿ ಕಕ್ಕಿದ ಹಾಲು ಸಾಕು, ಸದ್ದು ಶುರು. ಕೂಸು ಏಕಕಾಲಕ್ಕೆ ನುಂಗುತ್ತ ಉಸಿರಾಡಬಲ್ಲದು ಎಂದು ಹಲವರು ಬರೆಯುತ್ತಾರೆ. ಹಾಗೇನಿಲ್ಲ. ಪ್ರತಿ ಗುಟುಕಿಗೂ ಶ್ವಾಸನಾಳದ ಬಾಯಿ ಮುಚ್ಚುತ್ತದೆ, ಉಸಿರು ಕ್ಷಣಕಾಲ ನಿಲ್ಲುತ್ತದೆ. ಇಷ್ಟು ಬಿಗಿ ತಾಳದಲ್ಲಿ ಸಣ್ಣಪುಟ್ಟ ಸದ್ದು ಏಳದಿದ್ದರೇ ಆಶ್ಚರ್ಯ. ಮೂಗು ಕಟ್ಟಿತೆಂದು ಕೆಲವು ಮನೆಗಳಲ್ಲಿ ಎಣ್ಣೆ ಬಿಡುತ್ತಾರೆ. ಖಂಡಿತ ಬೇಡ: ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಕುಡಿಯಲು ಅಡ್ಡಿಯಾಗುವಷ್ಟು ಕಟ್ಟಿದ್ದರೆ ವೈದ್ಯರು ಹೇಳುವ ಸಲೈನ್ ಹನಿ ಸಾಕು.

‘ಟಕ್’ ಎನ್ನುವುದು ಬಾಯಿಯ ಹಿಡಿತ ಸಡಿಲಾದ ಸದ್ದು. ನಾಲಿಗೆ ಹಾಲನ್ನು ಹಿಂಡಿ ತೆಗೆಯುತ್ತದೆ ಎಂದೇ ಬಹುಕಾಲದ ತಿಳಿವಳಿಕೆ. ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಡೋನಾ ಗೆಡ್ಡೆಸ್ ಮತ್ತು ಸಂಗಡಿಗರು, ಕುಡಿಯುತ್ತಿರುವ ಕೂಸುಗಳ ಬಾಯನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಲೇ ಒಳಗಿನ ಒತ್ತಡವನ್ನೂ ಅಳೆದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನಾಲಿಗೆ ಕೆಳಗಿಳಿದು ನಿರ್ವಾತ ಹೆಚ್ಚಿದ ಗಳಿಗೆಯಲ್ಲೇ ಹಾಲು ಹರಿಯುವುದು ಕಂಡಿತು. ಆ ನಿರ್ವಾತ ಒಡೆದಾಗಲೆಲ್ಲ ‘ಟಕ್’. ಕೂಸು ಬರೀ ತೊಟ್ಟಿನ ತುದಿ ಹಿಡಿದಿರಬಹುದು, ಎದೆ ಕಲ್ಲಿನಂತೆ ಬಿಗಿದಿರಬಹುದು, ಹಾಲು ರಭಸವಾಗಿ ಬರುತ್ತಿರಬಹುದು, ನಾಲಿಗೆ ಕೆಳಗೆ ಅಂಟಿರಲೂಬಹುದು. ತೊಟ್ಟು ನೋಯುತ್ತಿಲ್ಲ, ತೂಕ ಏರುತ್ತಿದೆ ಎಂದಾದರೆ ‘ಟಕ್’ ತನ್ನ ಪಾಡಿಗಿರಲಿ. ನೋವಿದ್ದರೆ ಕೂಸಿನ ಬಾಯಿ ಅಗಲವಾಗಿ ತೆರೆಯುವವರೆಗೆ ಕಾದು, ಗದ್ದ ಎದೆಗೆ ಒತ್ತುವಂತೆ ಮತ್ತೆ ಹಿಡಿಸಬೇಕು. ನಾಲಿಗೆಯಡಿಯ ಅಂಟು ಕತ್ತರಿಸಿ ಬಿಡಿಸುವ ಮಾತು ಇದೆಲ್ಲ ಆದ ಮೇಲೆ.

ರಭಸದ ಹಾಲಿಗೆ ಕೂಸು ಕೆಮ್ಮಿದರೆ ‘ನೆತ್ತಿಗೆ ಹತ್ತಿತು’ ಎಂದು ನೆತ್ತಿಗೆ ಊದುತ್ತೇವೆ. ಊದಿ, ನಷ್ಟವಿಲ್ಲ. ಕೂಸಿನ ತಲೆ ಎತ್ತರವಿರುವಂತೆ ಹಿಡಿದು, ತಾಯಿ ಹಿಂದಕ್ಕೆ ಒರಗಿ ಕುಡಿಸಿದರೆ ಮಾತ್ರ ನಿಜಕ್ಕೂ ಉಪಯೋಗ.

ಮುಖ ಕೆಂಪಗೆ ಮಾಡಿಕೊಂಡು ತಿಣುಕುವುದು ಹೆಚ್ಚಾಗಿ ಹೊಟ್ಟೆಯ ವ್ಯವಹಾರ: ಹಾಲು ಒಳಗೆ ಹೋದಂತೆ ಕರುಳು ಚುರುಕಾಗುತ್ತದೆ. ಆದರೆ ಉಸಿರು ಬಿಡುವಾಗ ಪ್ರತಿ ಸಲವೂ ನರಳಿದಂತೆ ಸದ್ದು ಬಂದರೆ, ಮೂಗಿನ ಹೊಳ್ಳೆ ಅರಳಿದರೆ, ಪಕ್ಕೆ ಒಳಗೆ ಸೆಳೆದರೆ, ತುಟಿ ನೀಲಿಗಟ್ಟಿದರೆ, ಶಾಂತವಾಗಿರುವಾಗಲೂ ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚಿದ್ದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಎಣಿಸುವುದು ಪೂರ್ತಿ ಒಂದು ನಿಮಿಷ. ಎಳೆಗೂಸಿನ ಉಸಿರು ಏರಿಳಿಯುವುದರಿಂದ 15 ಸೆಕೆಂಡಿನ ಲೆಕ್ಕ ನಂಬುವಂತಿಲ್ಲ.

ಉಸಿರು ಎಳೆಯುವಾಗ ಬರುವ ಕೀರಲು ಸದ್ದಿಗೆ ಸಾಮಾನ್ಯ ಕಾರಣ ಲ್ಯಾರಿಂಗೋಮಲೇಷಿಯಾ, ಅಂದರೆ ಧ್ವನಿಪೆಟ್ಟಿಗೆಯ ಮೇಲ್ಭಾಗ ಮೆತ್ತಗಿರುವುದು. ಕುಡಿಯುವಾಗ, ಅಳುವಾಗ, ಅಂಗಾತ ಮಲಗಿದಾಗ ಜಾಸ್ತಿ. ಹೆಚ್ಚಿನ ಮಕ್ಕಳಿಗೆ ಒಂದೆರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಹಾಗೆಂದು ಮನೆಯಲ್ಲೇ ತೀರ್ಮಾನಿಸದೆ ಮಕ್ಕಳ ವೈದ್ಯರಿಗೆ ತೋರಿಸಿ. ಅವರ ಮುಂದೆ ಕೂಸು ಸದ್ದಿಲ್ಲದೆ ನಿದ್ದೆಹೋಗುವುದೇ ಹೆಚ್ಚು, ಹಾಗಾಗಿ ಕೀರಲು ಕೇಳಿದಾಗಲೇ ಎದೆ ಕಾಣುವಂತೆ ಅಂಗಿ ಎತ್ತಿ ಫೋನಿನಲ್ಲಿ ಅರೆ ನಿಮಿಷದ ವಿಡಿಯೊ ಮಾಡಿಟ್ಟುಕೊಳ್ಳಿ.