ರಾಡಾರ್ ಇದ್ದರೂ ಹಡಗುಗಳು ಡಿಕ್ಕಿ ಹೊಡೆಯುವುದು ಯಾಕೆ?

ಓದುಗರ ಪ್ರಶ್ನೆ: ಸಮುದ್ರ ಅಷ್ಟು ದೊಡ್ಡದು. ಹಡಗಿನಲ್ಲಿ ರಾಡಾರ್, ಜಿಪಿಎಸ್ ಎಲ್ಲ ಇರುತ್ತೆ. ಆದರೂ ಎರಡು ಹಡಗು ಹೋಗಿ ಹೋಗಿ ಒಂದಕ್ಕೊಂದು ಗುದ್ದುತ್ತವಲ್ಲ, ಅದು ಹೇಗೆ?

ಉತ್ತರ: ಸಮುದ್ರ ದೊಡ್ಡದು, ನಿಜ. ಆದರೆ ಹಡಗುಗಳು ಅದರ ತುಂಬಾ ಹರಡಿಕೊಂಡು ಓಡಾಡುವುದಿಲ್ಲ. ಬಂದರಿನಿಂದ ಬಂದರಿಗೆ ಹತ್ತಿರದ ದಾರಿ ಹಿಡಿಯುತ್ತವೆ. ಸಿಂಗಪುರ ಜಲಸಂಧಿ, ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಡೋವರ್ ಜಲಸಂಧಿಯಂಥ ಕಡೆ ಎಲ್ಲರೂ ಒಂದೇ ಕಿರಿದಾದ ಜಾಗಕ್ಕೆ ಬಂದು ಸೇರುತ್ತಾರೆ. ಹಾಗಾಗಿಯೇ ಡೋವರ್‌ನಲ್ಲಿ 1967ರಲ್ಲಿ ಹೋಗುವವರಿಗೆ ಒಂದು ಪಥ, ಬರುವವರಿಗೆ ಇನ್ನೊಂದು ಪಥ ಅಂತ ಗುರುತು ಹಾಕಿದರು. ಆದರೆ ಅದನ್ನು ಪಾಲಿಸಲೇಬೇಕು ಅಂತ ಇರಲಿಲ್ಲ. 1971ರ ಜನವರಿಯಲ್ಲಿ ಅಲ್ಲಿ 'ಪರಾಕಾಸ್' ಎಂಬ ಹಡಗು 'ಟೆಕ್ಸಾಕೊ ಕೆರಿಬಿಯನ್' ಎಂಬ ಟ್ಯಾಂಕರ್‌ಗೆ ಗುದ್ದಿತು. ಮರುದಿನವೇ ಆ ಮುಳುಗಿದ ಟ್ಯಾಂಕರ್‌ಗೆ ತಾಗಿ 'ಬ್ರಾಂಡನ್‌ಬುರ್ಗ್' ಮುಳುಗಿತು. ಫೆಬ್ರವರಿ ಕೊನೆಗೆ 'ನಿಕಿ' ಎಂಬ ಮೂರನೆಯ ಹಡಗೂ ಅದೇ ಜಾಗದಲ್ಲಿ ಮುಳುಗಿತು, ಅದರಲ್ಲಿದ್ದ ಒಬ್ಬರೂ ಉಳಿಯಲಿಲ್ಲ. ಆಮೇಲೆ ಪಥದ ನಿಯಮ ಕಡ್ಡಾಯವಾಯಿತು.

ಈಗ ರಾಡಾರ್ ವಿಷಯಕ್ಕೆ ಬರೋಣ. ಇದಕ್ಕೆ 1956ರ ಜುಲೈ 25ರ ರಾತ್ರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇಟಲಿಯ ಪ್ರಯಾಣಿಕರ ಹಡಗು 'ಆಂಡ್ರಿಯಾ ಡೋರಿಯಾ' ನ್ಯೂಯಾರ್ಕ್‌ಗೆ ಬರುತ್ತಿತ್ತು. ಸ್ವೀಡನ್ನಿನ 'ಸ್ಟಾಕ್‌ಹೋಮ್' ನ್ಯೂಯಾರ್ಕ್‌ನಿಂದ ಹೊರಟಿತ್ತು. ಅಮೆರಿಕದ ನ್ಯಾಂಟಕೆಟ್ ದ್ವೀಪದ ದಕ್ಷಿಣಕ್ಕೆ ಎರಡೂ ಎದುರುಬದುರಾದವು. ಡೋರಿಯಾ ದಟ್ಟ ಮಂಜಿನೊಳಗಿತ್ತು. ಸ್ಟಾಕ್‌ಹೋಮ್‌ಗೆ ಆಕಾಶ ಸ್ವಚ್ಛವಾಗಿತ್ತು, ಮುಂದೆ ಮಂಜಿದೆ ಅನ್ನುವುದು ಅಲ್ಲಿದ್ದವರಿಗೆ ತಿಳಿದಿರಲಿಲ್ಲ.

ಎರಡರಲ್ಲೂ ರಾಡಾರ್ ಇತ್ತು. ಎರಡೂ ಕಡೆಯವರು ಇನ್ನೊಂದನ್ನು ಮೈಲಿಗಟ್ಟಲೆ ದೂರದಿಂದಲೇ ನೋಡಿದ್ದರು. ಡೋರಿಯಾದವರ ಲೆಕ್ಕದಲ್ಲಿ ಎದುರಿನ ಹಡಗು ತಮ್ಮ ಬಲಕ್ಕಿತ್ತು. ಬಲಬದಿಯಲ್ಲೇ ದಾಟಿಹೋಗಲಿ, ಇನ್ನಷ್ಟು ಜಾಗ ಬಿಡೋಣ ಅಂತ ಅವರು ಸ್ವಲ್ಪ ಎಡಕ್ಕೆ ತಿರುಗಿದರು. ಸ್ಟಾಕ್‌ಹೋಮ್‌ನ ಅಧಿಕಾರಿಯ ಲೆಕ್ಕದಲ್ಲಿ ಎದುರಿನ ಹಡಗು ತಮ್ಮ ಎಡಕ್ಕಿತ್ತು. ಜಾಗ ಬಿಡಲೆಂದು ಅವರು ಬಲಕ್ಕೆ ತಿರುಗಿದರು. ಇಬ್ಬರೂ ಒಂದೇ ಕಡೆಗೆ! ಮಂಜಿನಿಂದ ದೀಪ ಕಣ್ಣಿಗೆ ಬೀಳುವ ಹೊತ್ತಿಗೆ ತೀರಾ ತಡವಾಗಿತ್ತು. ಆ ಕಡೇ ಗಳಿಗೆಯಲ್ಲೂ ಒಬ್ಬರು ಪೂರ್ತಿ ಎಡಕ್ಕೆ, ಇನ್ನೊಬ್ಬರು ಪೂರ್ತಿ ಬಲಕ್ಕೆ ತಿರುಗಿಸಿದರು. ಸ್ಟಾಕ್‌ಹೋಮ್‌ನ ಮೂತಿ ಡೋರಿಯಾದ ಬಲಬದಿಗೆ ನುಗ್ಗಿತು. ಎರಡೂ ಹಡಗು ಸೇರಿ 51 ಜನ ಸತ್ತರು. ಮರುದಿನ ಬೆಳಿಗ್ಗೆ ಡೋರಿಯಾ ಮುಳುಗಿತು.

ಆ ಕಾಲದ ರಾಡಾರ್ ಪರದೆಯ ಮೇಲೆ ಬರೀ ಒಂದು ಚುಕ್ಕೆ ಕಾಣುತ್ತಿತ್ತು. ಅದು ಯಾವ ಕಡೆಗೆ, ಎಷ್ಟು ವೇಗದಲ್ಲಿ ಹೋಗುತ್ತಿದೆ ಅಂತ ತಿಳಿಯಬೇಕಾದರೆ ಆಗಾಗ ಗುರುತು ಹಾಕಿ, ಗೆರೆ ಎಳೆದು ಲೆಕ್ಕ ಮಾಡಬೇಕಿತ್ತು. ಡೋರಿಯಾದಲ್ಲಿ ಅದನ್ನು ಮಾಡಿರಲಿಲ್ಲ. ಸ್ಟಾಕ್‌ಹೋಮ್‌ನ ಅಧಿಕಾರಿ ರಾಡಾರ್ ಯಾವ ದೂರಕ್ಕೆ ಹೊಂದಿಸಿದೆ ಅನ್ನುವುದನ್ನೇ ತಪ್ಪು ತಿಳಿದಿರಬೇಕು ಅಂತಲೂ ಆಮೇಲೆ ವಿಶ್ಲೇಷಣೆ ಮಾಡಿದವರು ಹೇಳಿದ್ದಾರೆ. ಕೇಸು ಕೋರ್ಟಿನ ಹೊರಗೆ ರಾಜಿಯಲ್ಲಿ ಮುಗಿಯಿತು. ಹಾಗಾಗಿ ತಪ್ಪು ಯಾರದು ಅಂತ ಯಾವ ತೀರ್ಪೂ ಬರಲಿಲ್ಲ.

ಈಗ ಆ ಲೆಕ್ಕವನ್ನು ಕಂಪ್ಯೂಟರೇ ಮಾಡುತ್ತದೆ. ಇನ್ನೊಂದು ಹಡಗು ಎಷ್ಟು ಹತ್ತಿರ ಬರುತ್ತೆ, ಯಾವಾಗ ಬರುತ್ತೆ ಅಂತ ಅಂಕಿಯಲ್ಲೇ ತೋರಿಸುತ್ತದೆ. ಹಡಗಿನ ಹೆಸರು, ವೇಗ, ದಿಕ್ಕನ್ನು ತಾನಾಗಿಯೇ ಸಾರುವ ಎಐಎಸ್ ಎಂಬ ಉಪಕರಣವೂ ಬಂದಿದೆ. ಆದರೆ ಯಾರು ಏನು ಮಾಡಲಿದ್ದಾರೆ ಅನ್ನುವುದನ್ನು ಯಾವ ಪರದೆಯೂ ತೋರಿಸುವುದಿಲ್ಲ. ಅಪಘಾತ ಹುಟ್ಟುವುದು ಜಾಸ್ತಿ ಅಲ್ಲೇ. 'ಅವನು ತಿರುಗುತ್ತಾನೆ ಬಿಡು' ಅಂತ ಇವನು, 'ಇವನು ತಿರುಗುತ್ತಾನೆ' ಅಂತ ಅವನು.

1977ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಗಳು ಈ ಊಹೆಗೇ ಕಡಿವಾಣ ಹಾಕಲು ನೋಡುತ್ತವೆ. ಎದುರುಬದುರಾದರೆ ಇಬ್ಬರೂ ಬಲಕ್ಕೆ. ಅಡ್ಡ ಬಂದರೆ, ಯಾರ ಬಲಕ್ಕೆ ಇನ್ನೊಂದು ಹಡಗು ಕಾಣುತ್ತದೋ ಅವರು ದಾರಿ ಬಿಡಬೇಕು. ತಿರುಗುವುದಾದರೆ ಎದುರಿನವನಿಗೆ ಗೊತ್ತಾಗುವಷ್ಟು ದೊಡ್ಡದಾಗಿ ತಿರುಗಬೇಕು. ಡೋರಿಯಾದ ಹಾಗೆ ನಾಲ್ಕು ಡಿಗ್ರಿ ತಿರುಗಿದರೆ ಯಾರಿಗೆ ಕಾಣುತ್ತೆ ಹೇಳಿ? ಇನ್ನೊಂದು ಹಳೆಯ, ಸರಳ ಪರೀಕ್ಷೆಯೂ ನಿಯಮದಲ್ಲಿದೆ. ಎದುರಿನ ಹಡಗು ಕಾಣುವ ದಿಕ್ಕು ಬದಲಾಗದೆ ಹಾಗೇ ಇದ್ದು, ದೂರ ಮಾತ್ರ ಕಮ್ಮಿಯಾಗುತ್ತಿದ್ದರೆ ಡಿಕ್ಕಿಯ ಅಪಾಯ ಇದೆ. ಇದರಲ್ಲೊಂದು ಮೋಸವಿದೆ. ಇಂಥ ಹಡಗು ಕಿಟಕಿಯಾಚೆ ನಿಂತಲ್ಲೇ ನಿಂತ ಹಾಗೆ ಕಾಣುತ್ತದೆ. ಆಚೀಚೆ ಸರಿಯದ ವಸ್ತುವಿನ ಮೇಲೆ ನಮ್ಮ ಕಣ್ಣು ನಿಲ್ಲುವುದಿಲ್ಲ.

ಸಮಯವೂ ನಾವು ಅಂದುಕೊಂಡಷ್ಟು ಇರುವುದಿಲ್ಲ. ಎರಡು ಹಡಗು ತಲಾ 20 ನಾಟ್ (ಗಂಟೆಗೆ ಸುಮಾರು 37 ಕಿಲೋಮೀಟರ್) ವೇಗದಲ್ಲಿ ಎದುರು ಬಂದರೆ, ನಡುವಿನ 20 ಕಿಲೋಮೀಟರ್ ಮುಗಿಯಲು ಸುಮಾರು 16 ನಿಮಿಷ ಸಾಕು. ದೊಡ್ಡ ಟ್ಯಾಂಕರ್ ನಿಲ್ಲಬೇಕಾದರೆ ಕಿಲೋಮೀಟರ್‌ಗಟ್ಟಲೆ ಬೇಕು. ಅಷ್ಟರಲ್ಲಿ ರೇಡಿಯೊದಲ್ಲಿ 'ನೀವು ಯಾವ ಕಡೆ?' ಅಂತ ಮಾತಿಗೆ ಕೂತರೆ ಕೆಲವು ನಿಮಿಷ ಅದಕ್ಕೇ ಹೋಗುತ್ತದೆ. ಎಷ್ಟೋ ಸಲ ಮಾತಾಡುತ್ತಿರುವುದು ಬೇರೆಯದೇ ಹಡಗಿನ ಜೊತೆ ಆಗಿರುತ್ತದೆ.

ಡಿಕ್ಕಿ ಎಷ್ಟು ಅಪರೂಪ ಅನ್ನುವುದನ್ನು ಸಂಶೋಧಕರು ಅಳೆದ ರೀತಿ ನನಗೆ ಬಹಳ ಇಷ್ಟ. 1970ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಫುಜೀ, ಬ್ರಿಟನ್ನಿನ ಮ್ಯಾಕ್‌ಡಫ್ ಒಂದು ವಿಚಿತ್ರ ಲೆಕ್ಕ ಹಿಡಿದರು. ಹಡಗು ನಡೆಸುವವರು ಕಣ್ಣು ಮುಚ್ಚಿ ನೇರ ಹೋಗುತ್ತಲೇ ಇದ್ದರೆ ಎಷ್ಟು ಡಿಕ್ಕಿ ಆಗಬೇಕು? ನಿಜವಾಗಿ ಎಷ್ಟು ಆಗಿದೆ? ಹೋಲಿಸಿದರೆ, ಆಗಬಹುದಾಗಿದ್ದ ಸುಮಾರು ಹತ್ತು ಸಾವಿರದಲ್ಲಿ ಒಂದೋ, ಕೆಲವೋ ಮಾತ್ರ ಆಗುತ್ತಿವೆ ಅಂತ ಬಂತು. ಉಳಿದವನ್ನೆಲ್ಲ ಯಾರೋ ಸಕಾಲಕ್ಕೆ ತಪ್ಪಿಸುತ್ತಿದ್ದಾರೆ.

ಹಾಗಾದರೆ ತಪ್ಪಿಸಲಾಗದೆ ಉಳಿದ ಆ ಕೆಲವು ಡಿಕ್ಕಿ ಆಗುವುದು ಯಾಕೆ? ಬ್ರಿಟನ್ನಿನ ಸಾಗರ ಅಪಘಾತ ತನಿಖಾ ವಿಭಾಗ 2004ರ ಅಧ್ಯಯನದಲ್ಲಿ, ಡಿಕ್ಕಿಯಾದ ಹಡಗುಗಳಲ್ಲಿ 65% ಸುತ್ತಮುತ್ತ ಕಣ್ಣಿಟ್ಟು ನೋಡುವ ಸರಿಯಾದ ಕಾವಲು ಇಟ್ಟಿರಲಿಲ್ಲ ಅಂತ ಕಂಡುಕೊಂಡಿತು. ನಿದ್ದೆಗೆಟ್ಟ ಅಧಿಕಾರಿ, ರಾತ್ರಿ ಒಬ್ಬರೇ, ಮುಂದೆ ಪರದೆ. 2025ರ ಮಾರ್ಚ್‌ನಲ್ಲಿ ಉತ್ತರ ಸಮುದ್ರದಲ್ಲಿ 'ಸೊಲಾಂಗ್' ಎಂಬ ಹಡಗು, ಲಂಗರು ಹಾಕಿ ನಿಂತಿದ್ದ ಟ್ಯಾಂಕರ್‌ಗೆ ಹೋಗಿ ಗುದ್ದಿದಾಗಲೂ ಎರಡರಲ್ಲೂ ಕಾವಲಿಗೆಂದೇ ಬೇರೆ ಆಳು ಬ್ರಿಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಇರಲಿಲ್ಲ. ಯಂತ್ರ ಜಾಸ್ತಿಯಾದರೂ ತೊಂದರೆಯೇ. 2017ರ ಆಗಸ್ಟ್‌ನಲ್ಲಿ ಸಿಂಗಪುರದ ಬಳಿ ಅಮೆರಿಕದ ಯುದ್ಧನೌಕೆ 'ಜಾನ್ ಎಸ್. ಮೆಕೇನ್' ಟ್ಯಾಂಕರ್‌ಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ಟಚ್‌ಸ್ಕ್ರೀನ್‌ನಲ್ಲಿ ನಿಯಂತ್ರಣ ಯಾವ ಕುರ್ಚಿಯಲ್ಲಿದೆ ಅನ್ನುವುದೇ ಅವರಿಗೆ ಗೊಂದಲವಾಗಿತ್ತು. ಆಮೇಲೆ ಅಮೆರಿಕದ ನೌಕಾಪಡೆ ಕೈಯಲ್ಲಿ ಹಿಡಿದು ತಳ್ಳುವ ಹಳೆಯ ಲಿವರ್‌ಗಳನ್ನೇ ವಾಪಸ್ ತರಲು ನಿರ್ಧರಿಸಿತು.

ನಮ್ಮ ಕರಾವಳಿಯವರ ಆತಂಕ ಮಾತ್ರ ಬೇರೆ. ಇಲ್ಲಿ ದೊಡ್ಡದು ಗುದ್ದುವುದು ಚಿಕ್ಕದಕ್ಕೆ. 2021ರ ಏಪ್ರಿಲ್‌ನಲ್ಲಿ ಮಂಗಳೂರಿನಾಚೆ ಆಳಸಮುದ್ರದಲ್ಲಿ, ಕೇರಳದ ಬೇಪೂರಿನಿಂದ ಬಂದ ಮೀನುಗಾರಿಕಾ ಬೋಟಿಗೆ ರಾತ್ರಿ ಸಿಂಗಪುರ ಧ್ವಜದ ಕಂಟೇನರ್ ಹಡಗು ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಜನರಲ್ಲಿ ಬದುಕಿದವರು ಇಬ್ಬರೇ. ಬಲೆ ಬಿಟ್ಟು ಮೀನು ಹಿಡಿಯುತ್ತಿರುವ ಬೋಟಿಗೆ ದೊಡ್ಡ ಹಡಗೇ ದಾರಿ ಬಿಡಬೇಕು ಅಂತ ನಿಯಮ ಹೇಳುತ್ತದೆ. ಆದರೆ ಮರ, ಫೈಬರ್‌ನ ಬೋಟು ರಾಡಾರ್‌ನಲ್ಲಿ ಮಸುಕಾಗಿ ಕಾಣುತ್ತದೆ. ಅಲೆಗಳಿಂದ ಪರದೆಯ ಮೇಲೆ ಮೂಡುವ ಗದ್ದಲ ಅಳಿಸಲು ಗುಂಡಿ ತಿರುಗಿಸಿದರೆ ಬೋಟಿನ ಚುಕ್ಕೆಯೂ ಅಳಿಸಿಹೋಗಬಹುದು. ಜೊತೆಗೆ ಹಡಗಿನ ಮೂತಿಯ ಮುಂದೆ, ಬ್ರಿಜ್‌ನಿಂದ ಕಾಣದ ಜಾಗ 500 ಮೀಟರ್‌ವರೆಗೂ ಇರಲು ನಿಯಮದಲ್ಲೇ ಅವಕಾಶ ಇದೆ. ಹಾಗಾಗಿ ತಾಂಡೇಲರು, ಅಂದರೆ ಬೋಟು ನಡೆಸುವವರು, ನಿಯಮ ನಮ್ಮ ಕಡೆ ಇದೆ ಅಂತ ಸುಮ್ನೆ ಕೂರುವಂತಿಲ್ಲ. ರಾಡಾರ್‌ಗೆ ಚೆನ್ನಾಗಿ ಕಾಣಲು ಲೋಹದ ರಿಫ್ಲೆಕ್ಟರ್ ಕಟ್ಟುವುದು, ಎಐಎಸ್ ಇದ್ದರೆ ಆನ್ ಇಡುವುದು, ಹಡಗುಗಳು ತುರ್ತಿಗೆ, ಕರೆಗೆ ಬಳಸುವ ರೇಡಿಯೊ 16ನೇ ಚಾನೆಲ್‌ನಲ್ಲಿ ಇರುವುದು, ಎಲ್ಲರೂ ಮಲಗಿದಾಗ ಒಬ್ಬನನ್ನು ಎಚ್ಚರ ಇಡುವುದು. ಇವುಗಳಲ್ಲಿ ಕೊನೆಯದಕ್ಕೆ ಖರ್ಚೇ ಇಲ್ಲ, ಆದರೆ ಇಡೀ ದಿನ ಬಲೆ ಎಳೆದು ಸುಸ್ತಾದವರಿಗೆ ಅದೇ ಎಲ್ಲಕ್ಕಿಂತ ಕಷ್ಟ.