ಪಾರ್ಸೆಲ್‌ನಲ್ಲಿ ಬಂದ ಮೊಟ್ಟೆಗೆ ಕಾವು ಕೊಡುವ ಮುನ್ನ

ದೂರದಿಂದ ತರಿಸಿದ ಕೋಳಿ ಮೊಟ್ಟೆ ಮರಿಯಾಗಲಿಲ್ಲ ಅಂದರೆ ಬೈಗುಳ ಸಾಮಾನ್ಯವಾಗಿ ಇನ್‌ಕ್ಯುಬೇಟರ್‌ಗೆ ಬೀಳುತ್ತದೆ. ಇಲ್ಲವೇ ಕಳಿಸಿದವರಿಗೆ. ಹೀಗೆ ದೂರು ತರುವವರನ್ನು ನಾನು ಮೊದಲು ಕೇಳುವುದು ಒಂದೇ: ಮೊಟ್ಟೆ ಕೈಗೆ ಸಿಕ್ಕ ದಿನ ಅದರ ಗಾಳಿಗೂಡು ಹೇಗಿತ್ತು? ಹೆಚ್ಚಿನವರು ನೋಡಿಯೇ ಇರುವುದಿಲ್ಲ.

ಮೊಟ್ಟೆಯ ದಪ್ಪ ತುದಿಯಲ್ಲಿ, ಚಿಪ್ಪಿಗೆ ಅಂಟಿದ ಎರಡು ಪೊರೆಗಳ ನಡುವೆ ಒಂದಿಷ್ಟು ಗಾಳಿ ಇರುತ್ತದೆ. ಅದೇ ಗಾಳಿಗೂಡು. ಚಿಪ್ಪು ಒಡೆಯುವ ಮೊದಲು ಮರಿ ಒಳಪೊರೆಯನ್ನು ಕೊಕ್ಕಿನಿಂದ ಹರಿದು ಮೊದಲ ಉಸಿರು ಎಳೆಯುವುದು ಇಲ್ಲಿಂದಲೇ. ದಾರಿಯಲ್ಲಿ ಪೆಟ್ಟಿಗೆ ಎತ್ತಿಹಾಕಿ, ಕುಲುಕಿ, ತಲೆಕೆಳಗಾದಾಗ ಆ ಪೊರೆಗಳು ಒಂದರಿಂದ ಒಂದು ಬಿಟ್ಟುಕೊಳ್ಳುತ್ತವೆ.

ನೋಡುವುದು ಸುಲಭ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ದಪ್ಪ ತುದಿಗೆ ಒತ್ತಿ ಹಿಡಿಯಿರಿ. ಗಾಳಿಗೂಡಿನ ಅಂಚು ದುಂಡಗೆ ಕಾಣುತ್ತದೆ. ಮೊಟ್ಟೆಯನ್ನು ನಿಧಾನವಾಗಿ ವಾಲಿಸಿದಾಗ ಆ ಅಂಚು ಅಲ್ಲೇ ನಿಂತರೆ ಚಿಂತೆಯಿಲ್ಲ. ಗಾರೆ ಕೆಲಸದವರ ರಸಮಟ್ಟದ ಗುಳ್ಳೆಯಂತೆ ಅತ್ತಿತ್ತ ಜಾರಿದರೆ ಪೊರೆ ಸಡಿಲವಾಗಿದೆ ಎಂದರ್ಥ. ಅಂಥ ಮೊಟ್ಟೆಗೆ ಪೆನ್ಸಿಲ್‌ನಿಂದ ಗುರುತು ಹಾಕಿ. ಎಸೆಯಬೇಡಿ, ಇವುಗಳಲ್ಲೂ ಮರಿ ಬರುತ್ತವೆ.

ಪಾರ್ಸೆಲ್ ಬಿಚ್ಚಿದ ಕೂಡಲೇ ಯಂತ್ರಕ್ಕೆ ಇಡುವ ಆತುರ ಬೇಡ. ಚೂಪು ತುದಿ ಕೆಳಗೆ ಬರುವಂತೆ ಟ್ರೇನಲ್ಲಿ ನಿಲ್ಲಿಸಿ, ಕೋಣೆಯ ತಂಪಿನಲ್ಲಿ 12ರಿಂದ 24 ಗಂಟೆ ಸುಮ್ನೆ ಬಿಡಿ. ತಣ್ಣಗಿದ್ದ ಮೊಟ್ಟೆಯನ್ನು ಬಿಸಿಗೆ ಇಟ್ಟರೆ ಮೈಯೆಲ್ಲ ಬೆವರುತ್ತದೆ, ಆ ನೀರಿನ ಜೊತೆ ಬ್ಯಾಕ್ಟೀರಿಯಾ ಚಿಪ್ಪಿನ ಸಣ್ಣ ರಂಧ್ರಗಳಿಂದ ಒಳಗಿಳಿಯುತ್ತದೆ. ಕೊಳೆ ಕಂಡಿತೆಂದು ತೊಳೆಯಲೂ ಬೇಡಿ. ತೊಳೆದರೆ ಚಿಪ್ಪಿನ ಮೇಲಿರುವ ಕಾಪಿನ ಲೇಪ ಹೋಗುತ್ತದೆ.

ಮೊಟ್ಟೆ ತಿರುಗಿಸುವ ವಿಷಯದಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ಮಾಮೂಲಿ ಮೊಟ್ಟೆಯನ್ನು ಅಡ್ಡಲಾಗಿ ಮಲಗಿಸಿ, 18ನೇ ದಿನದವರೆಗೆ ದಿನಕ್ಕೆ ಕನಿಷ್ಠ ಮೂರು ಸಲ ತಿರುಗಿಸುತ್ತೇವೆ. ತಿರುಗಿಸದಿದ್ದರೆ ಭ್ರೂಣ ಒಂದೇ ಕಡೆ ಪೊರೆಗೆ ಅಂಟಿಕೊಳ್ಳುತ್ತದೆ. ಆದರೆ ಗಾಳಿಗೂಡು ಸಡಿಲವಾದ ಮೊಟ್ಟೆಯನ್ನು ಮಲಗಿಸಿ ಉರುಳಿಸಿದರೆ ಪೊರೆ ಇನ್ನಷ್ಟು ಬಿಡುತ್ತದೆ. ಹಾಗಂತ ಕೆಲವರು ಇಡೀ ವಾರ ಮುಟ್ಟುವುದೇ ಇಲ್ಲ. ನನಗೆ ಅದು ಅತಿ ಅನಿಸುತ್ತದೆ, ಯಾಕೆಂದರೆ ತಿರುಗಿಸುವುದರ ಲಾಭ ಹೆಚ್ಚು ಸಿಗುವುದೇ ಮೊದಲ ವಾರದಲ್ಲಿ. ನಾನು ಹೇಳುವುದು ಹೀಗೆ: ನಿಲ್ಲಿಸಿಯೇ ಇಡಿ, ಮೂರು ದಿನ ಬಿಡಿ, ಆಮೇಲೆ ನಿಂತಲ್ಲೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಮಾರು 45 ಡಿಗ್ರಿ ವಾಲಿಸಿ. ಮೊಟ್ಟೆಯ ಟ್ರೇಯ ಒಂದು ಬದಿಗೆ ಮರದ ತುಂಡು ಕೊಟ್ಟು, ಆಗಾಗ ಬದಿ ಬದಲಿಸಿದರೆ ಸಾಕು.

ಉಷ್ಣಾಂಶದ ಲೆಕ್ಕ ಎಲ್ಲ ಕೋಳಿ ಮೊಟ್ಟೆಗೂ ಒಂದೇ. ಫ್ಯಾನ್ ಇರುವ ಯಂತ್ರಕ್ಕೆ 37.5 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಮಟ್ಟದಲ್ಲಿ ಅಳೆದಾಗ 38.5ರ ಆಸುಪಾಸು. ಯಂತ್ರವನ್ನು ಒಂದು ದಿನ ಮೊದಲೇ ಓಡಿಸಿ, ಬೇರೊಂದು ಥರ್ಮಾಮೀಟರ್ ಇಟ್ಟು ತಾಳೆ ನೋಡಿ. ಯಂತ್ರದ ಪರದೆ ಹೇಳಿದ್ದೆಲ್ಲ ನಿಜವಲ್ಲ.

ತೇವಾಂಶ 18 ದಿನ 45–50 ಶೇಕಡಾ, ಆಮೇಲೆ 65–70. ತೇವದ ಮೀಟರ್‌ಗಿಂತ ತಕ್ಕಡಿಯನ್ನೇ ನಾನು ಜಾಸ್ತಿ ನಂಬುತ್ತೇನೆ. 18ನೇ ದಿನಕ್ಕೆ ಮೊಟ್ಟೆಯ ತೂಕ 11ರಿಂದ 13 ಶೇಕಡಾ ಇಳಿದಿರಬೇಕು. 55 ಗ್ರಾಂ ಮೊಟ್ಟೆ 48–49 ಗ್ರಾಂಗೆ ಬಂದಿದ್ದರೆ ಸರಿ. ಕಡಿಮೆ ಇಳಿದಿದ್ದರೆ ಒಳಗೆ ನೀರು ಹೆಚ್ಚಿದೆ, ಗಾಳಿಗೂಡು ಚಿಕ್ಕದಾಗಿದೆ.

ಏಳನೇ ದಿನ ಮತ್ತೆ ಬೆಳಕು ಹಿಡಿಯಿರಿ. ಬೆಳೆಯುತ್ತಿರುವ ಮೊಟ್ಟೆಯಲ್ಲಿ ನಡುವಿನ ಕಪ್ಪು ಚುಕ್ಕೆಯಿಂದ ನರಗಳು ಕವಲೊಡೆದಿರುತ್ತವೆ. ಕೆಂಪು ಉಂಗುರ ಮಾತ್ರ ಕಂಡರೆ ಭ್ರೂಣ ಸತ್ತಿದೆ, ತೆಗೆಯಿರಿ. ನಾತ ಬರುವ ಮೊಟ್ಟೆಯನ್ನಂತೂ ಒಂದು ಗಂಟೆಯೂ ಒಳಗಿಡಬೇಡಿ. ಸಿಡಿದರೆ ಉಳಿದವೂ ಕೆಡುತ್ತವೆ.

18ನೇ ದಿನ ವಾಲಿಸುವುದನ್ನು ನಿಲ್ಲಿಸಿ. ಗುರುತು ಹಾಕಿದ ಮೊಟ್ಟೆಗಳನ್ನು ಈಗಲೂ ಮಲಗಿಸದೆ ನಿಲ್ಲಿಸಿಯೇ ಇಡಿ. ಚಿಪ್ಪು ಬಿರುಕು ಬಿಟ್ಟ ಮೇಲೆ ಮರಿ ಹೊರಬರಲು 24 ಗಂಟೆ ಹಿಡಿಯಬಹುದು. ಅಷ್ಟರಲ್ಲಿ ಉಳಿದ ರಕ್ತ, ಹಳದಿ ಎರಡನ್ನೂ ಅದು ಒಳಗೆಳೆದುಕೊಳ್ಳುತ್ತಿರುತ್ತದೆ. ಸಹಾಯ ಮಾಡ್ತೀನಿ ಅಂತ ಚಿಪ್ಪು ಸುಲಿದರೆ ರಕ್ತ ಸುರಿಯುತ್ತದೆ. ಹೊರಬಂದ ಮರಿಯನ್ನು ತೆಗೆಯಲೂ ಪದೇ ಪದೇ ಮುಚ್ಚಳ ತೆರೆಯಬೇಡಿ. ಹೊಟ್ಟೆಗೆ ಸೇರಿದ ಹಳದಿ ಅದಕ್ಕೆ ಎರಡು ದಿನಕ್ಕೆ ಸಾಕು.

21 ದಿನ ಆದರೂ ಸುಮ್ಮನಿರುವ ಮೊಟ್ಟೆಗೆ ಇನ್ನೆರಡು ದಿನ ಕೊಟ್ಟು, ಆಮೇಲೆ ಮನೆಯ ಹೊರಗೆ ಒಡೆದು ನೋಡಿ. ಪೂರ್ತಿ ಬೆಳೆದು ಸತ್ತಿದ್ದರೆ ತೇವಾಂಶ, ಗಾಳಿಗೂಡಿನ ಕಡೆ ಗಮನ ಕೊಡಿ. ಏನೂ ಬೆಳೆದಿಲ್ಲವೇ? ಅದು ಹುಂಜ ಕೂಡದ ಮೊಟ್ಟೆಯೋ, ದಾರಿಯಲ್ಲೇ ಸತ್ತದ್ದೋ, ಈ ಹಂತದಲ್ಲಿ ಹೇಳುವುದು ಕಷ್ಟ. ಅದಕ್ಕೇ ಪಾರ್ಸೆಲ್‌ನಲ್ಲಿ ಒಂದೆರಡು ಒಡೆದು ಬಂದಿದ್ದರೆ ಬಿಸಾಡುವ ಮುನ್ನ ತಟ್ಟೆಗೆ ಸುರಿದು ಹಳದಿಯ ಮೇಲಿನ ಬಿಳಿ ಚುಕ್ಕೆ ನೋಡಿ. ಉಂಗುರದಂತೆ ದುಂಡಗಿದ್ದರೆ ಅದು ಫಲಿತ ಮೊಟ್ಟೆ. ಬರೀ ಸಣ್ಣ ಗಟ್ಟಿ ಚುಕ್ಕೆಯಾಗಿದ್ದರೆ ಫಲಿತವಲ್ಲ. ಕಳಿಸಿದವರ ಜೊತೆ ಮಾತಾಡಲು ನಿಮ್ಮ ಕೈಯಲ್ಲಿ ಅಷ್ಟಾದರೂ ಇರುತ್ತದೆ.