ಮುಚ್ಚಿದ ಕಣ್ಣಿನೊಳಗಿನ ನೀಲಿ

ಗಂಗಾವತಿಯ ನಮ್ಮ ದೊಡ್ಡವ್ವನಿಗೆ ಮಿದುಳಿನ ಗಡ್ಡೆಯಿತ್ತು. ವಿಕಿರಣ ಚಿಕಿತ್ಸೆಗೆಂದು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆವು. ನಮ್ಮ ಕಡೆ ಅದಕ್ಕೆ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಮೊದಲ ದಿನ ಹೊರಗೆ ಬಂದವಳೇ, “ಕಣ್ಣು ಮುಚ್ಚಿಕೊಂಡೇ ಇದ್ದೆ, ಆದರೂ ಒಳಗೆಲ್ಲ ನೀಲಿ ಬೆಳಕು ತುಂಬಿತು” ಎಂದಳು. ಅಂಜಿಕೆಗೆ ಹಾಗೆ ಅನಿಸಿರಬೇಕು ಎಂದ ಮಗ. ಇನ್ನು ದೃಷ್ಟಿಯೇ ಹೋಗುತ್ತದೇನೋ ಎಂದು ಅವಳು ಆ ರಾತ್ರಿಯೆಲ್ಲ ನಿದ್ದೆಗೆಟ್ಟಳು. ನಾನೂ ಅವಳ ಮಾತನ್ನು ನಂಬಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ, ಏಕೆಂದರೆ ಅವಳು ಹೇಳಿದ್ದು ನಿಜವಾಗಿತ್ತು.

ತಲೆಗೆ ವಿಕಿರಣ ಪಡೆಯುವ ಹಲವರಿಗೆ ಹೀಗೆ ನೀಲಿ, ನೇರಳೆ ಅಥವಾ ಬಿಳಿ ಬೆಳಕು ಕಾಣುತ್ತದೆ. ಮುಖಕ್ಕೆ ಬಿಗಿಯಾದ ಪ್ಲಾಸ್ಟಿಕ್ ಮುಖವಾಡ, ಅಲುಗಾಡುವಂತಿಲ್ಲ, ಕೋಣೆಯಲ್ಲಿ ಒಬ್ಬರೇ. ಆ ಹೊತ್ತಿನಲ್ಲಿ ಹೊರಗಿನಿಂದ ಬಾರದ ಬೆಳಕೊಂದು ಕಂಡರೆ ಯಾರಿಗಾದರೂ ಎದೆ ನಡುಗುತ್ತದೆ.

ಆ ಬೆಳಕು ಹುಟ್ಟುವ ಬಗೆಯನ್ನು ತುಂಗಭದ್ರೆಯ ದಡದಲ್ಲಿ ನಿಂತರೆ ಅರ್ಥ ಮಾಡಿಕೊಳ್ಳಬಹುದು. ಆನೆಗುಂದಿಯ ಹರಿಗೋಲು ನಿಧಾನವಾಗಿ ಸಾಗುವಾಗ ಅದು ಎಬ್ಬಿಸಿದ ಅಲೆಗಳು ಅದಕ್ಕಿಂತ ಮುಂದೆ ಹೋಗಿಬಿಡುತ್ತವೆ. ಮೋಟಾರು ದೋಣಿ ಹಾಗಲ್ಲ. ಅದು ತಾನೆಬ್ಬಿಸಿದ ಅಲೆಗಳನ್ನೇ ಹಿಂದೆ ಹಾಕಿ ಓಡುತ್ತದೆ; ಹಿಂದುಳಿದ ಅಲೆಗಳು ಒಂದರ ಮೇಲೊಂದು ಸೇರಿ ನೇಗಿಲ ಗುಳದಂತೆ ಚೂಪಾದ ಒಂದೇ ದೊಡ್ಡ ಅಲೆಯಾಗುತ್ತವೆ. ಕಣ್ಣಿನೊಳಗೂ ಇಂಥದ್ದೇ ನಡೆಯುತ್ತದೆ. ಕಣ್ಣುಗುಡ್ಡೆಯನ್ನು ತುಂಬಿರುವ ಲೋಳೆಯಂಥ ದ್ರವದಲ್ಲಿ ಬಹುಪಾಲು ನೀರೇ. ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುವ ಬೆಳಕು ನೀರಿನಲ್ಲಿ ಸುಮಾರು 2.25 ಲಕ್ಷಕ್ಕೆ ಇಳಿಯುತ್ತದೆ. ಯಂತ್ರದಿಂದ ಬಂದ ಎಕ್ಸ್-ಕಿರಣಗಳು ಅಲ್ಲಿನ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಚಿಮ್ಮಿಸುತ್ತವೆ. ಅವುಗಳಲ್ಲಿ ಅನೇಕವು ಆ ದ್ರವದಲ್ಲಿ ಬೆಳಕು ಸಾಗುವುದಕ್ಕಿಂತ ವೇಗವಾಗಿ ಓಡುತ್ತವೆ; ಮೋಟಾರು ದೋಣಿಯ ಹಿಂದಿನ ಅಲೆಗಳಂತೆ ಇಲ್ಲಿ ಬೆಳಕಿನ ಅಲೆಗಳು ಒಂದರ ಮೇಲೊಂದು ಸೇರಿ ಹೊಳಪಾಗುತ್ತವೆ. ಶೂನ್ಯದಲ್ಲಿನ ಬೆಳಕಿನ ವೇಗವನ್ನು ಯಾವ ಕಣವೂ ಮೀರದು ಎಂಬ ನಿಯಮಕ್ಕೆ ಇದರಿಂದ ಭಂಗವಿಲ್ಲ. ಹೀಗೆ ಹುಟ್ಟುವ ಬೆಳಕಿನಲ್ಲಿ ಕಿರಿದಾದ ತರಂಗಗಳೇ ಹೆಚ್ಚು, ಆದ್ದರಿಂದ ನೀಲಿ.

1934ರಲ್ಲಿ ಸೋವಿಯತ್ ವಿಜ್ಞಾನಿ ಪಾವೆಲ್ ಚೆರೆಂಕೋವ್ ಈ ಬೆಳಕನ್ನು ಗುರುತಿಸಿದರು. ಅದು ಎಷ್ಟು ಮಂದವೆಂದರೆ, ಪ್ರಯೋಗಕ್ಕೆ ಮೊದಲು ಅವರು ಕತ್ತಲೆಯಲ್ಲಿ ಕುಳಿತು ಕಣ್ಣನ್ನು ಹದಗೊಳಿಸಿಕೊಳ್ಳಬೇಕಾಗಿತ್ತು. 1937ರಲ್ಲಿ ಇಲ್ಯಾ ಫ್ರಾಂಕ್ ಮತ್ತು ಇಗೊರ್ ಟಾಮ್ ಅದರ ಗಣಿತ ಬಿಡಿಸಿದರು. 1958ರ ನೊಬೆಲ್ ಮೂವರಿಗೂ ಸಂದಿತು. ಚೆರೆಂಕೋವ್ ನೆಚ್ಚಿಕೊಂಡಿದ್ದ ಉಪಕರಣ ಮನುಷ್ಯನ ಕಣ್ಣು. ದೊಡ್ಡವ್ವನ ಬಳಿ ಇದ್ದದ್ದೂ ಅದೇ, ಅವಳ ಸಾಕ್ಷಿಯನ್ನು ಮಾತ್ರ ನಾವು ಒಪ್ಪಲಿಲ್ಲ.

ರೋಗಿಗಳ ಇಂಥ ಮಾತಿಗೆ ಚಿತ್ರದ ಆಧಾರ ಸಿಕ್ಕಿದ್ದು 2019ರ ಕೊನೆಯಲ್ಲಿ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು ಅತಿ ಸೂಕ್ಷ್ಮ ಕ್ಯಾಮೆರಾದಿಂದ, ಚಿಕಿತ್ಸೆ ನಡೆಯುತ್ತಿರುವಾಗಲೇ ರೋಗಿಯ ಕಣ್ಣಿನಿಂದ ಹೊಮ್ಮಿದ ಚೆರೆಂಕೋವ್ ಬೆಳಕನ್ನು ಸೆರೆಹಿಡಿದರು. ಹಂದಿಯ ಕಣ್ಣುಗಳಲ್ಲೂ ಪರೀಕ್ಷಿಸಿದರು. ವಿಕಿರಣವು ನೇರವಾಗಿ ಅಕ್ಷಿಪಟಲವನ್ನು, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪೊರೆಯನ್ನು, ಕೆಣಕಿದರೂ ಬೆಳಕು ಕಂಡಂತಾಗಬಹುದು ಎಂಬ ವಾದವೂ ಇದೆ. 1969ರಲ್ಲಿ ಅಪೊಲೊ 11ರ ಚಂದ್ರಯಾತ್ರೆಯಲ್ಲಿ ಗಗನಯಾತ್ರಿ ಬಜ್ ಆಲ್ಡ್ರಿನ್ ಕಂಡ ಮಿಂಚುಗಳೂ ಇದೇ ಕುಲದವು. ಅಲ್ಲಿ ಕಣ್ಣು ಹೊಕ್ಕದ್ದು ಬಾಹ್ಯಾಕಾಶದಿಂದ ಬರುವ ವಿಶ್ವಕಿರಣ.

ಕೊಪ್ಪಳ, ರಾಯಚೂರಿನ ಕಡೆಯಿಂದ ಚಿಕಿತ್ಸೆಗೆ ಹೊರಟಿರುವವರಿಗೆ ಒಂದು ಮಾತು. ಯಂತ್ರ ನಡೆಯುವಾಗ ಮಾತ್ರ ಕಂಡು ಮರೆಯಾಗುವ ಈ ಬೆಳಕು ಕುರುಡಿನ ಮುನ್ಸೂಚನೆಯಲ್ಲ. ಕಂಡದ್ದನ್ನು ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ. ಮನೆಯಲ್ಲಿರುವಾಗ ಮಿಂಚು ಕಂಡರೆ, ಕಪ್ಪು ಚುಕ್ಕೆಗಳು ತೇಲಿದರೆ, ನೋಟಕ್ಕೆ ಪರದೆ ಅಡ್ಡ ಬಂದಂತಾದರೆ ಅದು ಬೇರೆ ವಿಷಯ. ತಡಮಾಡದೆ ಕಣ್ಣಿನ ವೈದ್ಯರನ್ನು ಕಾಣಬೇಕು.

ಮೂರನೆಯ ದಿನ ಯಂತ್ರ ನಡೆಸುವ ಹುಡುಗಿ ದೊಡ್ಡವ್ವನ ಕೈ ಹಿಡಿದು, “ಅದು ಎಷ್ಟೋ ಜನರಿಗೆ ಕಾಣುತ್ತದೆ ಅಮ್ಮಾ” ಎಂದು ತಿಳಿಸಿ ಹೇಳಿದಳು. ಅಂದಿನಿಂದ ದೊಡ್ಡವ್ವ ಹೊರಗೆ ಬಂದ ಕೂಡಲೇ ವರದಿ ಕೊಡುತ್ತಿದ್ದಳು: “ಇವತ್ತು ನೀಲಿ ಎರಡು ಸಲ ಬಂತು.”